ಪಾಶ್ಚಾತ್ಯ ಖಂಡಗೀತಗಳಲ್ಲಿ ಏಕವಾಕ್ಯತೆ

೧

ಇಂಗ್ಲೆಂಡ್ ಅಮೆರಿಕಗಳಲ್ಲಿ ಪಾಪ್, ರಾಕ್ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿರುವ ಗೀತಗಳ ಸಾಮಾನ್ಯ ರಚನೆಯು ಬಹುಮಂದಿಗೆ ವಿದಿತವಾದುದೇ. ಒಂದೇ ಮಟ್ಟಿನಲ್ಲಿ ಹಾಡುವ ಎರಡು ಮೂರು ಚರಣಗಳು. ಅವುಗಳ ನಡುನಡುವೆ ಮಾತೂ ಮಟ್ಟೂ ಬದಲಾಗದೆ ಮರಳಿ ಬರುವ ಕೋರಸ್ ಎಂಬ ಪಲ್ಲವಿ. ಒಮ್ಮೆ ಮಾತ್ರ ತಲೆದೋರಿ ಮರೆಯಾಗುವ ಒಂದು ನಡುಖಂಡ. ಒಟ್ಟಿನಲ್ಲಿ ಸುಮಾರು ಮೂರು ನಿಮಿಷಗಳ ಪರಿಮಾಣ. ಈ ಕಟ್ಟನ್ನು ಬಿಟ್ಟು, ಮಟ್ಟು, ಲಯ, ಆಧಾರಸ್ವರ, ವಾದ್ಯಮೇಳ ಇವುಗಳಲ್ಲಿ ಪರಸ್ಪರ ಭಿನ್ನವಾದ ಹಲವು ಖಂಡಗಳನ್ನು ಒಂದರ ಮುಂದೊಂದು ಇಟ್ಟು ರಚಿಸಿದ ಗೀತಗಳು ೧೯೬೦ರ ದಶಕದ ನಡುಭಾಗದಿಂದ ಹೆಚ್ಚಾಗಿ ಕಾಣಬರುತ್ತವೆ. ಇವುಗಳನ್ನೇ ಇಲ್ಲಿ ಖಂಡಗೀತಗಳೆಂದು ವ್ಯವಹರಿಸಿದೆ.

ಇಂತಹ ಗೀತಗಳ ಮೇಲೆ ಎರಡು ಆಕ್ಷೇಪಗಳುಂಟು. ಇವು ಒಂದೊಂದು ಗೀತವಲ್ಲ, ಅರೆಯಾಗಿ ನಿಂತುಹೋದ ಹಲವು ಗೀತಗಳ ಚಿಂದಿಗಳನ್ನು ಕೂಡಿಸಿ ಹೊಲಿದ ಕೌದಿಗಳು ಎಂಬುದು ಮೊದಲನೆಯದು. ಹಿಂದಿನವರು ಹೊಲಿದುದನ್ನು ಕಂಡು ಮುಂದಿನವರು ಅನುಕರಿಸಿದರು, ಆದುದರಿಂದ ಇವುಗಳಲ್ಲಿ ಸ್ವೋಪಜ್ಞತೆಯಿಲ್ಲ ಎಂಬುದು ಎರಡನೆಯದು. ಇನ್ನು ಇವುಗಳನ್ನು ಕೊಂಡಾಡುವವರಾದರೋ ಖಂಡಗಳು ಹೆಚ್ಚಾದಷ್ಟೂ, ಕಾಲಪರಿಮಾಣವು ಬೆಳೆದಷ್ಟೂ ಗೀತಕ್ಕೆ ಗೌರವವು ಹೆಚ್ಚುವುದೆಂದು ಬಗೆಯುತ್ತಾರೆ. ನಿಂದೆ ಸ್ತುತಿಗಳೆರಡೂ ಖಂಡಗಳನ್ನು ಎಣಿಸುವುದರಲ್ಲಿಯೇ ಮುಗಿಯುತ್ತವೆ. ಒಂದು ಖಂಡಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವೆಂತಹುದು ಎಂಬುದೇ ವಿಚಾರಾರ್ಹವಾದ ಅಂಶ. ಅದು ನಿರ್ಣಯವಾಗದ ಹೊರತು ಒಂದು ಗೀತವನ್ನು ಒಳ್ಳೆಯದೆನ್ನುವುದಕ್ಕಾಗಲಿ ಮತ್ತೊಂದನ್ನು ಅದರ ಅನುಕರಣವೆನ್ನುವುದಕ್ಕಾಗಲಿ ಆಧಾರವಿಲ್ಲ.

೨

ಗೇಯವನ್ನು ಅವಯವಗಳಾಗಿ ವಿಭಜಿಸಿ ನೋಡುವುದು ಭಾರತೀಯ ಲಾಕ್ಷಣಿಕರಿಗೆ ಹೊಸದಲ್ಲ. ಕ್ರಿ. ಶ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಪ್ರಬಂಧಕ್ಕೆ ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗ ಎಂಬ ಧಾತುಗಳನ್ನು ಹೇಳಿ, ಕೆಲವೆಡೆ ಅಂತರವೆಂಬ ಮತ್ತೊಂದನ್ನೂ ಕೂಡಿಸುತ್ತಾನೆ. ಮೇಲಾಪಕ ಆಭೋಗಗಳಿಲ್ಲದೆಯೂ ಪ್ರಬಂಧವು ಸಿದ್ಧಿಸಬಹುದು, ಧ್ರುವವಾದರೋ ಬಿಡತಕ್ಕುದಲ್ಲ. ಅದರ ಹೆಸರೇ ಇದನ್ನು ಸೂಚಿಸುತ್ತದೆ. ಪಾಶ್ಚಾತ್ಯರ ಕೋರಸ್ಸು ಈ ದೃಷ್ಟಿಯಿಂದ ಧ್ರುವಸ್ಥಾನೀಯವಾದುದು. ಹೀಗಿರಲು ಧ್ರುವವೇ ಇಲ್ಲದ ರಚನೆಯು ಒಂದು ಗೀತವೆನಿಸುವುದು ಹೇಗೆಂಬುದು ಪೂರ್ವಪಕ್ಷದ ಮುಖ್ಯವಾದ ಪ್ರಶ್ನೆ.

ಇದಕ್ಕೆ ಸಮಾಧಾನವು ವಾಕ್ಯಶಾಸ್ತ್ರದಲ್ಲಿ ದೊರೆಯುತ್ತದೆ. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಪ್ರಾಚೀನರು ಹೇಳಿದ್ದಾರೆ. ಹೇಳಿದುದನ್ನೇ ಮರಳಿ ಹೇಳುವ ಅಭ್ಯಾಸವು ಇವುಗಳಲ್ಲಿ ಒಂದು ಮಾತ್ರ. ಸಾಮಾನ್ಯಗೀತದ ಏಕತ್ವವು ಕೋರಸ್ಸಿನ ರೂಪದ ಅಭ್ಯಾಸದಲ್ಲಿ ನೆಲೆಗೊಂಡಿದೆಯೆಂಬುದು ನಿಜ. ಆದರೆ ಅಭ್ಯಾಸವಿಲ್ಲದ ಮಾತ್ರಕ್ಕೆ ಏಕತ್ವವೇ ಇಲ್ಲವೆನ್ನಲಾಗದು. ಉಪಕ್ರಮವೂ ಉಪಸಂಹಾರವೂ ಒಂದನ್ನೊಂದು ಒಪ್ಪಿಕೊಂಡಿರುವುದು ಅಷ್ಟೇ ಬಲವಾದ ಲಿಂಗ.

ಮತ್ತು ಪದಗಳ ಸಮೂಹವು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕು. ಹಸು, ಕುದುರೆ, ಪುರುಷ, ಆನೆ ಎಂದು ಸಾಲಾಗಿ ಉಚ್ಚರಿಸಿದರೆ ಸನ್ನಿಧಿಯುಂಟು. ಒಂದು ಪದವು ಮತ್ತೊಂದನ್ನು ಬೇಡುವುದಿಲ್ಲವಾಗಿ ವಾಕ್ಯವಿಲ್ಲ. ಬೆಂಕಿಯಿಂದ ತೋಯಿಸು ಎಂದರೆ ಆಕಾಂಕ್ಷೆಯುಂಟು, ಯೋಗ್ಯತೆಯಿಲ್ಲ. ಪದಗಳಿಗೆ ಹೇಳಿದ ಈ ನಿಯಮವನ್ನು ಗೀತದ ಖಂಡಗಳಿಗೂ ಅನ್ವಯಿಸಬಹುದು. ಧ್ವನಿಯನ್ನು ಟೇಪಿನ ಮೇಲೆ ಹಿಡಿದು, ಆ ಟೇಪನ್ನು ಕತ್ತರಿಸಿ ಅಂಟಿಸುವ ವಿದ್ಯೆಯು ಬಂದ ಮೇಲೆ ಯಾವ ಖಂಡದ ಪಕ್ಕದಲ್ಲಿ ಯಾವುದನ್ನಾದರೂ ಇಡುವುದು ಸುಲಭವಾಯಿತು. ಆದರೆ ಕತ್ತರಿಯು ಕೊಡಬಲ್ಲುದು ಸನ್ನಿಧಿಯೊಂದನ್ನೇ. ಆಕಾಂಕ್ಷೆಯನ್ನೂ ಯೋಗ್ಯತೆಯನ್ನೂ ರಚಕನೇ ಒದಗಿಸತಕ್ಕದ್ದು.

೩

ಅಮೆರಿಕದ ಬೀಚ್ ಬಾಯ್ಸ್ ತಂಡದ ‘ಗುಡ್ ವೈಬ್ರೇಷನ್ಸ್’ ೧೯೬೬ರ ಅಕ್ಟೋಬರಿನಲ್ಲಿ ಹೊರಬಂದಿತು. ಅದರ ರಚಕನಾದ ಬ್ರಯನ್ ವಿಲ್ಸನ್ನನು (೧೯೪೨–೨೦೨೫) ಆ ವರ್ಷದ ಫೆಬ್ರವರಿಯಿಂದ ಸೆಪ್ಟೆಂಬರಿನ ವರೆಗೆ ಲಾಸ್ ಏಂಜಲೀಸಿನ ಹಲವು ಸ್ಟುಡಿಯೋಗಳಲ್ಲಿ ಗೀತದ ತುಣುಕುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ, ಬಳಿಕ ಆಯ್ದು ಜೋಡಿಸಿದನು. ಮೂರೂವರೆ ನಿಮಿಷಗಳ ಗೀತಕ್ಕೆ ಇಷ್ಟು ದೀರ್ಘವಾದ ಪ್ರಯತ್ನವು ಅದುವರೆಗೆ ಆ ಕ್ಷೇತ್ರದಲ್ಲಿ ಅಪರೂಪ. ಚರಣವು ಇ ಫ್ಲಾಟ್ ಮೈನರಿನಲ್ಲಿ ಮೆಲ್ಲನೆ ನಡೆಯುತ್ತದೆ. ಪಲ್ಲವಿಯು ಜಿ ಫ್ಲಾಟ್ ಮೇಜರಿನಲ್ಲಿ ತೊಡಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರುತ್ತದೆ. ಎರಡು ಬಾರಿ ಹೀಗಾದ ಮೇಲೆ ಹಿಂದೆ ಕೇಳಿರದ ಎರಡು ಖಂಡಗಳು ಬಂದು, ಆರ್ಗನ್ನಿನ ನಾದದಲ್ಲಿ ಗೀತವು ಹೆಚ್ಚು ಕಡಿಮೆ ನಿಂತೇಹೋದಂತಾಗಿ, ಪಲ್ಲವಿಯು ಮರಳುತ್ತದೆ. ಇಲ್ಲಿ ಧ್ರುವವು ಲೋಪವಾಗಿಲ್ಲ. ಅದನ್ನು ತಡಮಾಡಿ ಕೊಡಲಾಗಿದೆ. ನಿಂತ ನಾದವು ಕೇಳುವವನ ಮನಸ್ಸಿನಲ್ಲಿ ಪಲ್ಲವಿಯನ್ನು ಬೇಡುವುದರಿಂದ ಆಕಾಂಕ್ಷೆಯು ಸಿದ್ಧವಾಗಿ, ಖಂಡಗಳೆಲ್ಲವೂ ಒಂದು ಗೀತವಾಗುತ್ತವೆ.

ಇದೇ ವಿಧಾನವು ಅದೇ ರಚಕನಿಗೆ ಮುಳುವಾದುದನ್ನೂ ಗಮನಿಸಬೇಕು. ‘ಸ್ಮೈಲ್’ ಎಂಬ ಇಡಿಯ ಆಲ್ಬಮ್ಮನ್ನು ಹೀಗೆಯೇ ತುಣುಕುಗಳಿಂದ ಕಟ್ಟಲು ವಿಲ್ಸನ್ನನು ಹೊರಟನು. ತುಣುಕುಗಳು ಬೆಳೆದುವು, ಅವುಗಳ ಕ್ರಮವು ಮಾತ್ರ ನಿಲ್ಲಲಿಲ್ಲ. ೧೯೬೭ರಲ್ಲಿ ಕೆಲಸವನ್ನು ಕೈಬಿಡಲಾಯಿತು. ತಂಡದೊಳಗಣ ಭಿನ್ನಾಭಿಪ್ರಾಯ, ರಚಕನ ಮನಸ್ಸಿನ ಅಸ್ವಾಸ್ಥ್ಯ ಮುಂತಾದ ಕಾರಣಗಳೂ ಉಂಟಾದರೂ, ರಚನೆಯ ದೃಷ್ಟಿಯಿಂದ ನೋಡುವಾಗ ಎದ್ದು ಕಾಣುವ ಅಂಶವು ಇದು: ಯಾವ ತುಣುಕನ್ನು ಎಲ್ಲಿ ಬೇಕಾದರೂ ಇಡಬಹುದಾದಲ್ಲಿ ಯಾವುದನ್ನು ಎಲ್ಲಿಯೂ ಇಡಲೇಬೇಕೆಂಬ ನಿರ್ಬಂಧವಿರುವುದಿಲ್ಲ. ಮೂವತ್ತೇಳು ವರ್ಷಗಳ ಬಳಿಕ, ೨೦೦೪ರಲ್ಲಿ, ವಿಲ್ಸನ್ನನು ಅವುಗಳಿಗೆ ಒಂದು ಕ್ರಮವನ್ನು ನಿಶ್ಚಯಿಸಿ, ಹೊಸದಾಗಿ ಹಾಡಿ ಪ್ರಕಟಿಸಿದನು. ಸಾಮಗ್ರಿಯ ಬಹುಭಾಗವು ಮೊದಲೇ ಇದ್ದಿತು. ಅನ್ವಯಕ್ಕಾಗಿ ಅಷ್ಟು ಕಾಲ ಬೇಕಾಯಿತು.

ಇಂಗ್ಲೆಂಡಿನ ದ ಹೂ ತಂಡದ ‘ಎ ಕ್ವಿಕ್ ಒನ್, ವೈಲ್ ಹೀ ಈಸ್ ಅವೇ’ ಎಂಬ ಗೀತವು ೧೯೬೬ರ ಡಿಸೆಂಬರಿನದು. ಒಂಬತ್ತು ನಿಮಿಷ, ಆರು ಖಂಡ. ಆಲ್ಬಮ್ಮಿನ ಕೊನೆಯಲ್ಲಿ ಉಳಿದ ಅವಕಾಶವನ್ನು ತುಂಬುವುದಕ್ಕಾಗಿ ಕಿಟ್ ಲ್ಯಾಂಬರ್ಟನು ಸೂಚಿಸಲು, ಪೀಟ್ ಟೌನ್‌ಷೆಂಡನು ಇದನ್ನು ರಚಿಸಿದನು. ದೂರಹೋದ ಪ್ರಿಯನಿಗಾಗಿ ಕಾದು ಬೇಸತ್ತ ಹೆಣ್ಣು, ಪರಪುರುಷನ ಸಂಗ, ಪ್ರಿಯನ ಪುನರಾಗಮನ, ತಪ್ಪೊಪ್ಪಿಗೆ, ಕ್ಷಮೆ ಎಂಬ ಇತಿವೃತ್ತವೇ ಇಲ್ಲಿ ಖಂಡಗಳನ್ನು ಪೋಣಿಸುವ ಸೂತ್ರ. ವಿಲ್ಸನ್ನನ ಗೀತಕ್ಕೂ ಇದಕ್ಕೂ ಎರಡು ತಿಂಗಳ ಅಂತರವಿದ್ದ ಮಾತ್ರದಿಂದ ಒಂದನ್ನು ಮತ್ತೊಂದರ ಫಲವೆಂದು ಹೇಳುವುದು ಕಾಕತಾಲೀಯವನ್ನು ಕಾರ್ಯಕಾರಣಭಾವವೆಂದು ಭ್ರಮಿಸಿದಂತೆ. ಒಂದು ಟೇಪಿನ ವಿದ್ಯೆಯಿಂದಲೂ ಮತ್ತೊಂದು ಕಥನಕುತೂಹಲದಿಂದಲೂ ಹುಟ್ಟಿದುವು.

ಆಕಾಂಕ್ಷೆಯೆಂಬುದರ ಸ್ವರೂಪವನ್ನು ಅತ್ಯಂತ ಸ್ಫುಟವಾಗಿ ತೋರಿಸುವುದು ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’ (೧೯೬೭). ಜಾನ್ ಲೆನನ್ನನು ರಚಿಸಿದ ಚರಣಗಳು ಜಿ ಮೇಜರಿನಲ್ಲಿ, ಪತ್ರಿಕೆಯ ಸಮಾಚಾರಗಳನ್ನು ಕನಸಿನಲ್ಲಿ ಓದಿದಂತೆ ಸಾಗುತ್ತವೆ. ಪಾಲ್ ಮೆಕಾರ್ಟ್ನಿಯು ಬೇರೆಯಾಗಿ ರಚಿಸಿದ್ದ ತುಣುಕು ಇ ಮೇಜರಿನದು. ಬೆಳಗ್ಗೆ ಎದ್ದು ಅವಸರದಿಂದ ಹೊರಡುವವನ ದಿನಚರಿ. ಎರಡನ್ನೂ ಕೂಡಿಸಬೇಕೆಂದು ನಿಶ್ಚಯವಾದಾಗ ನಡುವೆ ಏನು ಬರಬೇಕೆಂಬುದು ಯಾರಿಗೂ ತಿಳಿದಿರಲಿಲ್ಲ. ೧೯೬೭ರ ಜನವರಿಯಲ್ಲಿ ಇಪ್ಪತ್ತನಾಲ್ಕು ಆವರ್ತಗಳಷ್ಟು ಕಾಲವನ್ನು ಹಾಡಿಲ್ಲದೆ ಬಿಟ್ಟು ಮುದ್ರಿಸಿದರು. ತಂಡದ ಸಹಾಯಕನೊಬ್ಬನು ಆವರ್ತಗಳನ್ನು ಗಟ್ಟಿಯಾಗಿ ಎಣಿಸಿ, ಕೊನೆಯಲ್ಲಿ ಅಲಾರಂ ಗಡಿಯಾರವನ್ನು ಬಾರಿಸಿದನು. ಫೆಬ್ರವರಿ ೧೦ರಂದು ನಲವತ್ತು ಮಂದಿ ವಾದ್ಯಗಾರರನ್ನು ಕೂಡಿಸಿ, ಪ್ರತಿಯೊಬ್ಬನೂ ತನ್ನ ವಾದ್ಯದ ಕೆಳಗಣ ಸ್ವರದಿಂದ ಮೇಲಣ ಸ್ವರಕ್ಕೆ ಆ ಇಪ್ಪತ್ತನಾಲ್ಕು ಆವರ್ತಗಳಲ್ಲಿ ಏರುವಂತೆ ಮಾಡಿ ಆ ತೆರಪನ್ನು ತುಂಬಿದರು. ಏರಿಕೆಯ ತುದಿಯಲ್ಲಿ ಗಡಿಯಾರವು ಮೊಳಗುತ್ತದೆ, ಮಲಗಿದ್ದವನು ಏಳುತ್ತಾನೆ. ಎಣಿಕೆಗಾಗಿ ಇಟ್ಟ ಗುರುತು ಅರ್ಥದ ಗುರುತಾಗಿ ಪರಿಣಮಿಸಿತು.

ಆ ತೆರಪನ್ನು ತುಂಬುವುದಕ್ಕೆ ಮುಂಚೆಯೇ ಅದರ ಅಳತೆಯು ನಿಶ್ಚಯವಾಗಿದ್ದುದು ಗಮನಿಸತಕ್ಕ ವಿಷಯ. ಬೇಡಿಕೆಯು ಮೊದಲು, ಪೂರಣವು ಅನಂತರ. ಅದೇ ಏರಿಕೆಯು ಗೀತದ ಕಡೆಯಲ್ಲಿ ಎರಡನೆಯ ಸಲ ಬಂದು, ಹಲವು ಪಿಯಾನೋಗಳ ಮೇಲೆ ಏಕಕಾಲದಲ್ಲಿ ಬಾರಿಸಿದ ಇ ಮೇಜರ್ ಸ್ವರಮೇಳದಲ್ಲಿ ನೆಲೆಗೊಳ್ಳುತ್ತದೆ. ಲೆನನ್ನನ ಕನಸು ಮೆಕಾರ್ಟ್ನಿಯ ಎಚ್ಚರದ ಸ್ವರದಲ್ಲಿ ಮುಗಿಯುವುದರಿಂದ, ಇಬ್ಬರು ರಚಕರ ಎರಡು ಗೀತಗಳು ಒಂದೇ ತಾತ್ಪರ್ಯಕ್ಕೆ ಅಧೀನವಾಗಿವೆ.

ಕರ್ತೃವು ಒಬ್ಬನೇ ಆದರೆ ಏಕತ್ವವು ತಾನಾಗಿ ಬರುವುದೆಂದೂ ಹೇಳಲಾಗದು. ಮೆಕಾರ್ಟ್ನಿಯೇ ಮುಂದೆ ಪ್ರಕಟಿಸಿದ ಎರಡು ಖಂಡಗೀತಗಳು ಇದಕ್ಕೆ ನಿದರ್ಶನ. ‘ಅಂಕಲ್ ಆಲ್ಬರ್ಟ್/ಅಡ್ಮಿರಲ್ ಹಾಲ್ಸೀ’ (೧೯೭೧) ಮನೋಹರವಾದ ತುಣುಕುಗಳ ಸಾಲು. ಒಂದನ್ನು ತೆಗೆದು ಮತ್ತೊಂದನ್ನು ಇಟ್ಟರೆ ನಷ್ಟವು ಅಲ್ಪ. ‘ಬ್ಯಾಂಡ್ ಆನ್ ದ ರನ್’ (೧೯೭೩) ಎಂಬುದರಲ್ಲಾದರೋ ಸೆರೆಯ ಮಂದಗತಿ, ಬಿಡುಗಡೆಯ ಹಂಬಲ, ವಾದ್ಯವೃಂದದ ಒಂದು ಮೊಳಗಿನೊಡನೆ ಗೋಡೆಯೊಡೆದಂತೆ ಬಯಲಿಗೆ ಬರುವುದು, ಎಂಬ ಮೂರು ಅವಸ್ಥೆಗಳ ಕ್ರಮವನ್ನು ಬದಲಿಸುವಂತಿಲ್ಲ. ಎರಡೂ ಅಮೆರಿಕದಲ್ಲಿ ಮಾರಾಟದ ಮೊದಲ ಸ್ಥಾನವನ್ನು ಪಡೆದುವು. ಜನಾದರವು ಏಕವಾಕ್ಯತೆಗೆ ಪ್ರಮಾಣವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

೪

ಪೂರ್ವಪಕ್ಷಕ್ಕೆ ಅತ್ಯಂತ ಬಲವಾದ ಆಶ್ರಯವೆಂದು ತೋರುವ ಗೀತವು ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸೊಡಿ’. ಇದರ ರಚಕನಾದ ಫ್ರೆಡಿ ಮರ್ಕ್ಯುರಿಯು ೧೯೪೬ರಲ್ಲಿ ಜಾಂಜಿಬಾರಿನ ಒಂದು ಪಾರ್ಸಿ ಕುಟುಂಬದಲ್ಲಿ ಹುಟ್ಟಿದವನು. ಹುಟ್ಟಿದಾಗಿನ ಹೆಸರು ಫರೋಖ್ ಬಲ್ಸಾರಾ. ಪಂಚಗನಿಯ ಶಾಲೆಯಲ್ಲಿ ಓದುವಾಗ ಪಿಯಾನೋ ಅಭ್ಯಾಸ ಮಾಡಿದನು. ಗೀತದ ಮುದ್ರಣವು ೧೯೭೫ರ ಆಗಸ್ಟಿನಲ್ಲಿ ವೇಲ್ಸಿನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ತೊಡಗಿತು. ಅಕ್ಟೋಬರ್ ೩೧ರಂದು ಪ್ರಕಟವಾಗಿ, ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಪರಿಮಾಣವು ಐದು ನಿಮಿಷ ಐವತ್ತೈದು ಸೆಕೆಂಡು. ವಾದ್ಯವಿಲ್ಲದ ಕಂಠಮೇಳ, ಪಿಯಾನೋದೊಡನೆ ನಿವೇದನೆ, ಗಿಟಾರಿನ ಏಕವಾದನ, ಹಲವು ಕಂಠಗಳ ಆಪೆರಾ, ಉಗ್ರವಾದ ರಾಕ್, ಶಾಂತವಾದ ಮುಕ್ತಾಯ ಎಂದು ಆರು ಖಂಡಗಳು. ಕೋರಸ್ಸೆಂಬುದು ಎಲ್ಲಿಯೂ ಇಲ್ಲ.

ಇದಲ್ಲದೆ, ತಾನು ಮೂರು ಗೀತಗಳನ್ನು ಕೂಡಿಸಿ ಇದನ್ನು ಮಾಡಿದುದಾಗಿ ರಚಕನೇ ಹೇಳಿದ್ದುಂಟು. ಕರ್ತೃವಿನ ಈ ಮಾತನ್ನೇ ಹಿಡಿದು ಇದು ಕೌದಿಯೆಂಬ ವಾದವು ಸಿದ್ಧವಾಯಿತೆಂದು ಪೂರ್ವಪಕ್ಷಿಯು ಹೇಳಬಹುದು. ಆದರೆ ಆ ಮಾತು ಉತ್ಪತ್ತಿಯನ್ನು ಕುರಿತದ್ದು, ಸ್ವರೂಪವನ್ನು ಕುರಿತದ್ದಲ್ಲ. ಮಣ್ಣನ್ನು ಮೂರು ಕಡೆಗಳಿಂದ ತಂದರೆಂದು ಗಡಿಗೆಯು ಮೂರಾಗುವುದಿಲ್ಲ. ಪರೀಕ್ಷಿಸತಕ್ಕದ್ದು ಗೀತವನ್ನೇ.

ಮೊದಲು ಯೋಗ್ಯತೆಯನ್ನು ನೋಡಬಹುದು. ನಿವೇದನೆಯ ಖಂಡದಲ್ಲಿ ಯುವಕನೊಬ್ಬನು ತಾನು ಮಾಡಿದ ಕೊಲೆಯನ್ನು ತಾಯಿಯೆದುರು ಒಪ್ಪಿಕೊಳ್ಳುತ್ತಾನೆ. ಆಪೆರಾ ಖಂಡದಲ್ಲಿ ಅವನನ್ನು ಬಿಡಬೇಕೆಂಬ ಕಂಠಗಳೂ ಬಿಡಲಾಗದೆಂಬ ಕಂಠಗಳೂ ಎದುರುಬದುರಾಗಿ ನಿಂತು ವಾದಿಸುತ್ತವೆ. ರಾಕ್ ಖಂಡದಲ್ಲಿ ಪ್ರತಿಭಟನೆ, ಕಡೆಯಲ್ಲಿ ನಿರ್ವೇದ. ಗೀತದ ಅರ್ಥವನ್ನು ವಿವರಿಸಲು ಮರ್ಕ್ಯುರಿಯು ಒಪ್ಪಲಿಲ್ಲವಾದರೂ, ತಪ್ಪೊಪ್ಪಿಗೆಯಿಂದ ವಿಚಾರಣೆ, ವಿಚಾರಣೆಯಿಂದ ಕ್ರೋಧ, ಕ್ರೋಧವಿಳಿದ ಬಳಿಕ ನಿರ್ವೇದ ಎಂಬ ಭಾವಕ್ರಮವು ಮಾತುಗಳಿಂದಲೇ ವ್ಯಕ್ತವಾಗಿದೆ. ಆಪೆರಾದ ಹಾಸ್ಯಚ್ಛಾಯೆಯು ಕರುಣಕ್ಕೆ ವಿರುದ್ಧವೆನ್ನುವವರುಂಟು. ಪ್ರಾಣಕ್ಕಾಗಿ ಮೊರೆಯಿಡುವವನ ಸುತ್ತ ಜನರು ವಿದೂಷಕರಂತೆ ಕುಣಿದರೆ ಅವನ ದೈನ್ಯವು ಹೆಚ್ಚುತ್ತದೆಯೇ ಹೊರತು ಅಳಿಯುವುದಿಲ್ಲ. ಆದುದರಿಂದ ಇಲ್ಲಿ ಹಾಸ್ಯವು ಅಂಗವಾಗಿದೆ, ಅಂಗಿಯಾಗಿಲ್ಲ.

ಇನ್ನು ಆಕಾಂಕ್ಷೆ. ಗಿಟಾರಿನ ಏಕವಾದನವು ಇ ಫ್ಲಾಟಿನಲ್ಲಿ ನಿಂತಿರಲು ಆಪೆರಾವು ಒಮ್ಮೆಲೇ ಎ ಮೇಜರಿನಲ್ಲಿ ತೊಡಗುತ್ತದೆ. ಸಪ್ತಕದಲ್ಲಿ ಇವೆರಡಕ್ಕಿಂತ ದೂರವಾದ ಆಧಾರಸ್ವರಗಳಿಲ್ಲ. ಷಡ್ಜದಿಂದ ಪ್ರತಿಮಧ್ಯಮಕ್ಕೆ ಹಾರಿದಂತೆ. ಇಷ್ಟು ದೂರ ಹಾರಿದುದು ಮರಳುವುದನ್ನು ಬೇಡುತ್ತದೆ. ಆ ಖಂಡದ ತುದಿಯಲ್ಲಿ ಕಂಠಗಳು ಒಂದರ ಮೇಲೊಂದು ಪೇರಿ, ಅತ್ಯುಚ್ಚವಾದ ಬಿ ಫ್ಲಾಟಿನಲ್ಲಿ ನಿಲ್ಲುತ್ತವೆ. ಅದು ಇ ಫ್ಲಾಟಿಗೆ ಪಂಚಮವಾದುದರಿಂದ ರಾಕ್ ಖಂಡವು ಇ ಫ್ಲಾಟಿನಲ್ಲಿ ಬಂದೊಡನೆ ಸಾಲ ತೀರಿದಂತಾಗುತ್ತದೆ. ಈ ಸಂಧಿಯು ಕತ್ತರಿಯಿಂದ ಆದುದಲ್ಲ.

ಉಪಕ್ರಮೋಪಸಂಹಾರಗಳನ್ನು ನೋಡಿದರೂ ಹೀಗೆಯೇ. ಏನಾದರೇನು ಎಂಬ ನಿರ್ವೇದದ ಮಾತು ಮೊದಲ ಕಂಠಮೇಳದಲ್ಲಿ ಹಗುರವಾಗಿ ಬಂದುದು ಕಡೆಯಲ್ಲಿ ಭಾರವಾಗಿ ಮರಳುತ್ತದೆ. ಸ್ವರವಾದರೋ ಮೊದಲಿನ ಬಿ ಫ್ಲಾಟಿಗೆ ಹಿಂದಿರುಗದೆ ಎಫ್ ಮೇಜರಿನಲ್ಲಿ ನಿಂತು, ಒಂದು ಜಾಗಟೆಯ ಮೆಲುದನಿಯೊಡನೆ ಅಡಗುತ್ತದೆ. ಮಾತು ಮನೆಗೆ ಬಂದಿದೆ, ಸ್ವರವು ಬಂದಿಲ್ಲ. ಮೊದಲಲ್ಲಿ ಔದಾಸೀನ್ಯವೆಂದು ತೋರಿದುದು ಕಡೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನ ಮಾತೆಂದು ತಿಳಿಯುವುದು ಈ ವೈಷಮ್ಯದಿಂದಲೇ.

ರಾಪ್ಸೊಡಿ ಎಂಬ ಶಬ್ದದ ನಿರ್ವಚನವನ್ನೂ ಇಲ್ಲಿ ಸ್ಮರಿಸಬಹುದು. ಗ್ರೀಕ್ ಭಾಷೆಯಲ್ಲಿ ಹೊಲಿಯುವುದೆಂಬ ಅರ್ಥದ ಧಾತುವಿಗೆ ಹಾಡೆಂಬ ಶಬ್ದವು ಸೇರಿ ಇದು ಆಗಿದೆ, ಹೊಲಿದ ಹಾಡೆಂದರ್ಥ. ಆದುದರಿಂದ ಹೊಲಿದಿದೆಯೆಂಬುದು ದೂಷಣೆಯಾಗದು. ಹೊಲಿಗೆಯು ಗಟ್ಟಿಯೋ ಅಲ್ಲವೋ ಎಂಬುದೇ ಪ್ರಶ್ನೆ. ಇಲ್ಲಿ ಅದು ಗಟ್ಟಿಯಾಗಿದೆ.

ಒಂದು ನ್ಯೂನತೆಯನ್ನು ಮಾತ್ರ ಒಪ್ಪಬೇಕು. ಇಪ್ಪತ್ತನಾಲ್ಕು ಪಥಗಳ ಟೇಪಿನ ಮೇಲೆ ಮೂವರ ಕಂಠಗಳನ್ನು ಪದರ ಪದರವಾಗಿ ಕೂಡಿಸಿ ಮಾಡಿದ ಆಪೆರಾ ಖಂಡವನ್ನು ವೇದಿಕೆಯ ಮೇಲೆ ಪೂರ್ತಿಯಾಗಿ ಹಾಡುವುದು ಆ ತಂಡಕ್ಕೇ ಸಾಧ್ಯವಾಗಲಿಲ್ಲ. ಅವರು ಮರೆಗೆ ಸರಿದು ಟೇಪನ್ನು ಕೇಳಿಸಿ, ರಾಕ್ ಖಂಡಕ್ಕೆ ಮರಳಿ ಬರುತ್ತಿದ್ದರು. ಖಂಡಗೀತವು ಯಂತ್ರದ ಆಶ್ರಯದಲ್ಲಿ ಬೆಳೆದುದರ ಬೆಲೆಯಿದು.

೫

ಇನ್ನು ಅನುಕರಣದ ಆಕ್ಷೇಪ. ಒಂದು ಕೃತಿಯು ಮತ್ತೊಂದನ್ನು ಹೋಲುವುದಕ್ಕೆ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ ಸಂವಾದವೆಂಬ ಹೆಸರನ್ನು ಕೊಟ್ಟು ಮೂರು ವಿಧಗಳನ್ನು ಹೇಳುತ್ತಾನೆ: ಪ್ರತಿಬಿಂಬದಂತಹುದು, ಚಿತ್ರದಂತಹುದು, ತುಲ್ಯವಾದ ದೇಹವುಳ್ಳ ಇಬ್ಬರು ಪುರುಷರಂತಹುದು. ಮೊದಲನೆಯದಕ್ಕೆ ಬೇರೆ ಆತ್ಮವೇ ಇಲ್ಲ, ಎರಡನೆಯದರ ಆತ್ಮವು ತುಚ್ಛವಾದುದು, ಇವೆರಡೂ ತ್ಯಾಜ್ಯ. ಮೂರನೆಯದಕ್ಕೆ ಸ್ವಂತವಾದ ಆತ್ಮವಿರುವುದರಿಂದ ಕವಿಯು ಅದನ್ನು ಬಿಡಬೇಕಾಗಿಲ್ಲ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಇದನ್ನೇ ವಿಸ್ತರಿಸಿ ನಾಲ್ಕನೆಯದೊಂದನ್ನು ಕೂಡಿಸಿದ್ದಾನೆ. ಪಾಶ್ಚಾತ್ಯ ವಿಮರ್ಶಕರು ಪ್ರಭಾವವೆಂಬ ಒಂದೇ ಮಾತಿನಲ್ಲಿ ಅಡಗಿಸುವುದನ್ನು ಈ ವಿಭಾಗವು ಬಿಡಿಸಿ ತೋರಿಸುತ್ತದೆ.

ಬೀಟಲ್ಸರ ‘ರಬ್ಬರ್ ಸೋಲ್’ (೧೯೬೫) ಆಲ್ಬಮ್ಮನ್ನು ಕೇಳಿದುದು ವಿಲ್ಸನ್ನನ ‘ಪೆಟ್ ಸೌಂಡ್ಸ್’ (೧೯೬೬) ರಚನೆಗೆ ಪ್ರೇರಕವಾಯಿತೆಂದು ಅವನೇ ಹೇಳಿದ್ದಾನೆ. ಆ ‘ಪೆಟ್ ಸೌಂಡ್ಸ್’ ತಮ್ಮ ‘ಸಾರ್ಜೆಂಟ್ ಪೆಪ್ಪರ್’ (೧೯೬೭) ಆಲ್ಬಮ್ಮಿಗೆ ಪ್ರೇರಕವೆಂದು ಮೆಕಾರ್ಟ್ನಿಯೂ, ಅದನ್ನು ನಿರ್ಮಿಸಿದ ಜಾರ್ಜ್ ಮಾರ್ಟಿನ್ನನೂ ಒಪ್ಪಿದ್ದಾರೆ. ಹೀಗೆ ಎರಡು ಕಡೆಯವರೂ ಋಣವನ್ನು ಒಪ್ಪಿಕೊಂಡಿರುವಾಗಲೂ ಒಂದರ ಮಟ್ಟು ಮತ್ತೊಂದರಲ್ಲಿ ಪ್ರತಿಬಿಂಬಿತವಾಗಿಲ್ಲ. ಒಬ್ಬನಿಂದ ಮತ್ತೊಬ್ಬನಿಗೆ ಸಂದುದು ಇಷ್ಟರ ಮಟ್ಟಿಗೆ ಸಾಧ್ಯವೆಂಬ ಧೈರ್ಯ.

ಇನ್ನೂ ಸಮೀಪದ ನಿದರ್ಶನವು ರೇಡಿಯೊಹೆಡ್ ತಂಡದ ‘ಪ್ಯಾರನಾಯ್ಡ್ ಆಂಡ್ರಾಯ್ಡ್’ (೧೯೯೭). ಬೇರೆ ಬೇರೆಯಾಗಿ ಹುಟ್ಟಿದ ತುಣುಕುಗಳನ್ನು ಕೂಡಿಸಿದ ಈ ಗೀತಕ್ಕೆ ಬೀಟಲ್ಸರ ‘ಹ್ಯಾಪಿನೆಸ್ ಈಸ್ ಎ ವಾರ್ಮ್ ಗನ್’ (೧೯೬೮) ಮೇಲ್ಪಂಕ್ತಿಯಾಯಿತೆಂದು ತಂಡದವರು ಹೇಳಿದ್ದಾರೆ. ಲೆನನ್ನನ ಆ ಗೀತವು ಮೂರು ನಿಮಿಷಗಳಿಗಿಂತ ಚಿಕ್ಕದು. ಯಾವ ಖಂಡವೂ ಮರಳುವುದಿಲ್ಲ. ಕಡೆಯ ಖಂಡವು ೧೯೫೦ರ ದಶಕದ ಕಂಠಮೇಳಗೀತಗಳ ಅಣಕ. ರೇಡಿಯೊಹೆಡ್ಡಿನದು ಆರು ನಿಮಿಷಗಳನ್ನು ಮೀರುತ್ತದೆ. ಇದರಲ್ಲಿ ಅಸಹನೆಯು ಕ್ರಮವಾಗಿ ಕ್ರೋಧವಾಗಿ ಸ್ಫೋಟಗೊಂಡ ಮೇಲೆ ಲಯವು ಇಳಿದು, ಶೋಕಗೀತದಂತಹ ಕಂಠಮೇಳವು ಬಂದು, ಕಡೆಯಲ್ಲಿ ಹಿಂದಿನ ಉಗ್ರಖಂಡವೇ ಮರಳುತ್ತದೆ. ಪೂರ್ವಗೀತವು ಬಿಟ್ಟ ಅಭ್ಯಾಸವನ್ನು ಉತ್ತರಗೀತವು ಮತ್ತೆ ಹಿಡಿದಿದೆ. ಮಟ್ಟು ಬೇರೆ, ಭಾವ ಬೇರೆ, ಅವಯವಸಂಸ್ಥಾನ ಮಾತ್ರ ಸಮಾನ. ತುಲ್ಯದೇಹಿಸಂವಾದಕ್ಕೆ ಇದಕ್ಕಿಂತ ಒಪ್ಪವಾದ ಲಕ್ಷ್ಯವು ಈ ಕ್ಷೇತ್ರದಲ್ಲಿ ದುರ್ಲಭ. ಇದನ್ನು ಜನರು ‘ಬೊಹೀಮಿಯನ್ ರಾಪ್ಸೊಡಿ’ಯೊಡನೆಯೂ ಹೋಲಿಸುತ್ತಾರೆ. ಆದರೆ ಅಲ್ಲಿಯ ಹಾಸ್ಯವಾಗಲಿ ನಾಟಕೀಯತೆಯಾಗಲಿ ಇಲ್ಲಿಲ್ಲ. ಆರು ನಿಮಿಷವೂ ಖಂಡಭೇದವೂ ಸಮಾನವೆಂಬುದು ಎಣಿಕೆಯ ಸಾಮ್ಯವೇ ಹೊರತು ಸಂವಾದವಲ್ಲ.

ಇದಕ್ಕೆ ವಿರುದ್ಧವಾಗಿ, ಮರ್ಕ್ಯುರಿಯ ಗೀತದ ಹೊರಚಿಹ್ನೆಗಳಾದ ಪದರುಗೊಂಡ ಕಂಠಗಳನ್ನೂ ಆಪೆರಾದ ವೇಷವನ್ನೂ ಮಾತ್ರ ತಂದು, ಅವು ಬೇಕಾಗುವಂತಹ ತಪ್ಪೊಪ್ಪಿಗೆಯನ್ನು ಮುಂದಿಡದೆ ಹಾಡಿದರೆ ಅದು ಪ್ರತಿಬಿಂಬವೇ ಸರಿ. ಪೂರ್ವಗ್ರಂಥದಿಂದ ಖಂಡವನ್ನು ತಂದುಕೊಳ್ಳಬಹುದು. ಆ ಖಂಡವನ್ನು ಬೇಡುವ ಆಕಾಂಕ್ಷೆಯನ್ನು ತಂದುಕೊಳ್ಳಲಾಗುವುದಿಲ್ಲ. ಅದನ್ನು ಪ್ರತಿಯೊಬ್ಬ ರಚಕನೂ ತನ್ನ ಗೀತದೊಳಗೇ ಹುಟ್ಟಿಸಬೇಕು.

ಆದುದರಿಂದ ಎರಡು ಆಕ್ಷೇಪಗಳಿಗೂ ಪರಿಹಾರವು ಒಂದೇ ಎಡೆಯಲ್ಲಿದೆ. ಖಂಡಗಳ ಸಂಧಿಯಲ್ಲಿ ನಿಂತು, ಹಿಂದಿನದು ಮುಂದಿನದನ್ನು ಬೇಡಿತೋ ಇಲ್ಲವೋ ಎಂದು ಪರೀಕ್ಷಿಸಬೇಕು. ಬೇಡಿದ್ದಲ್ಲಿ, ಮೂರು ಗೀತಗಳಿಂದ ಹುಟ್ಟಿದುದೂ ಒಂದೇ ಗೀತ. ಪೂರ್ವಿಕರನ್ನು ಕೇಳಿ ರಚಿಸಿದುದೂ ಸ್ವೋಪಜ್ಞವೇ. ಬೇಡದಿದ್ದಲ್ಲಿ, ಒಬ್ಬನೇ ಒಂದೇ ದಿನದಲ್ಲಿ ರಚಿಸಿದುದಾದರೂ ಅದು ಹಸು, ಕುದುರೆ, ಪುರುಷ, ಆನೆ ಎಂಬಂತಹ ಸಾಲು ಮಾತ್ರ.